ನಮ್ಮ ಪೈಪ್ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹುಡುಕಿದ್ದು: ಹಂತ, ಖರ್ಚು, ತಪ್ಪು

ಮಂಡ್ಯದ ನೂರಡಿ ರಸ್ತೆಯಲ್ಲಿ ನಮ್ಮದೊಂದು ಪೈಪು, ಮೋಟಾರ್ ಸಾಮಾನಿನ ಅಂಗಡಿ. ಅಪ್ಪ 27 ವರ್ಷದಿಂದ ನಡೆಸುತ್ತಿದ್ದಾರೆ. ನಾನು ನಾಲ್ಕು ವರ್ಷದಿಂದ ಜೊತೆಗಿದ್ದೇನೆ. ಸಾಮಾನು ಎತ್ತಿ ಕೊಡಲು ಒಬ್ಬ ಹುಡುಗ ಇದ್ದಾನೆ. ದಿನಕ್ಕೆ 35ರಿಂದ 40 ಬಿಲ್ಲು. ಬೇಸಿಗೆಯಲ್ಲಿ ಬೋರ್‌ವೆಲ್ ಕೆಲಸ ಜಾಸ್ತಿಯಾದಾಗ 60 ದಾಟುತ್ತದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟರೆ ಮೋಟಾರ್ ಕಡೆ ಜನ ಬರುವುದು ಕಮ್ಮಿ.

ವರ್ಷದ ವಹಿವಾಟು 1 ಕೋಟಿ 10 ಲಕ್ಷದ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲದ ವ್ಯಾಪಾರ. ಕಬ್ಬಿನ ದುಡ್ಡು ಬಂದಾಗ ರೈತರು ಬಂದು ಕಟ್ಟುತ್ತಾರೆ. ಆ ಬಾಕಿ ಎಲ್ಲ ಅಪ್ಪನ ಸಾಲದ ಪುಸ್ತಕದಲ್ಲಿ, ಊರಿಗೊಂದು ಪುಟದಂತೆ ಇತ್ತು: ಹನಕೆರೆ, ಕೊತ್ತತ್ತಿ, ಕೆರಗೋಡು, ಬಸರಾಳು, ಹೊಳಲು. ಅದನ್ನು ಕಂಪ್ಯೂಟರಿಗೆ ತರಲು ಏನೇನು ಮಾಡಿದೆವು, ಎಲ್ಲಿ ದುಡ್ಡು ಕಳೆದುಕೊಂಡೆವು ಅಂತ ಬರೆದಿಟ್ಟಿದ್ದೇನೆ. ಎಲ್ಲ 2025ರದು.

ಏಪ್ರಿಲ್‌ನಿಂದ ಜುಲೈ: ಮೊದಲ ಆಯ್ಕೆಯೇ ತಪ್ಪಾಯಿತು

ಏಪ್ರಿಲ್‌ನಲ್ಲಿ ಒಂದು ಮೊಬೈಲ್ ಬಿಲ್ಲಿಂಗ್ ಆಪ್‌ಗೆ ವರ್ಷದ ಚಂದಾ 2,999 ರೂಪಾಯಿ ಕಟ್ಟಿದೆ. ಅದರ ಹೆಸರು ಬರೆಯುವುದಿಲ್ಲ. ಬೆಲೆ ಕಮ್ಮಿ, ಡೆಮೊ ಚೆನ್ನಾಗಿತ್ತು. ನಾನು ನೋಡಿದ್ದು ಇಷ್ಟೇ. ಡೆಮೊ ತೋರಿಸಲು ಬಂದವರು ಸೋಪು, ಬಿಸ್ಕತ್ತು ಹಾಕಿ ಬಿಲ್ಲು ಮಾಡಿ ತೋರಿಸಿದರು. ಪೈಪು ಹಾಕಿ ತೋರಿಸಿ ಅಂತ ನಾನು ಕೇಳಲಿಲ್ಲ.

ಪಿವಿಸಿ ಪೈಪು ನಮಗೆ 20 ಅಡಿಯ ಲೆಂತ್ ಲೆಕ್ಕದಲ್ಲಿ ಬರುತ್ತದೆ. ಮಾರುವಾಗ ಲೆಂತ್‌ನಲ್ಲೂ ಹೋಗುತ್ತದೆ, ಅಡಿ ಲೆಕ್ಕದಲ್ಲೂ ಹೋಗುತ್ತದೆ. ವೈರು 90 ಮೀಟರ್ ಕಾಯಿಲ್ ಬರುತ್ತದೆ, ನಾವು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತೇವೆ. ಆ ಆಪ್‌ನಲ್ಲಿ ಒಂದು ಸಾಮಾನಿಗೆ ಒಂದೇ ಅಳತೆ. ಪೈಪನ್ನು ಎರಡು ಸಾಮಾನು ಅಂತ ಬರೆದುಕೊಂಡು ಸಂಭಾಳಿಸಿದೆ. ಮೇ ಮುಗಿಯುವ ಹೊತ್ತಿಗೆ ಸ್ಟಾಕು ನಂಬುವ ಹಾಗೆ ಇರಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಜುಲೈಯಲ್ಲಿ ಬಿತ್ತು. ಆಡಿಟರ್ ಮಾರಾಟದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಕಳಿಸಿ ಅಂದರು. ಆ ಆಪ್‌ನಿಂದ ಆಚೆ ಬಂದದ್ದು ಪಿಡಿಎಫ್ ಮಾತ್ರ. ಸುಮಾರು 3,800 ಬಿಲ್ಲು ಒಳಗೆ ಸಿಕ್ಕಿಕೊಂಡಿತ್ತು. ಅಷ್ಟೂ ತಿಂಗಳು ಆಡಿಟರ್ ಆಫೀಸಿನ ಹುಡುಗಿ ನಮ್ಮ ಬಿಲ್ಲುಗಳನ್ನು ಮತ್ತೆ ಕೂತು ಟೈಪ್ ಮಾಡುತ್ತಿದ್ದಳು. ಅದಕ್ಕೇ ತಿಂಗಳಿಗೆ 1,500 ರೂಪಾಯಿ ಹೋಗುತ್ತಿದ್ದದ್ದು. ಆಪ್ ಅಗ್ಗ ಅಂದುಕೊಂಡಿದ್ದೆ. ಅದೇ ಬಿಲ್ಲನ್ನು ಎರಡು ಸಲ ಟೈಪ್ ಮಾಡಿಸಲು ನಾನೇ ದುಡ್ಡು ಕೊಡುತ್ತಿದ್ದೆ.

ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಂಡಿರಬೇಕು. ಮುಂದಿನ ವರ್ಷ ಚಂದಾ ಕಟ್ಟದಿದ್ದರೆ ಹಳೆ ಬಿಲ್ಲು ತೆರೆಯುತ್ತದಾ ಅಂತ ಫೋನ್ ಮಾಡಿ ಕೇಳಿದೆ. ಸರಿಯಾದ ಉತ್ತರ ಬರಲಿಲ್ಲ. ಅವತ್ತೇ ಬಿಲ್ ಬುಕ್ಕಿಗೆ ವಾಪಸ್ ಬಂದೆವು.

ಆಗಸ್ಟ್ 3, ಭಾನುವಾರ: ಹತ್ತು ಕಷ್ಟದ ಬಿಲ್ಲು

ಈ ಸಲ ಸಾಫ್ಟ್‌ವೇರ್ ನೋಡುವ ಮುಂಚೆ ಅಪ್ಪನ ಜೊತೆ ಕೂತು ಹಳೆ ಬಿಲ್ ಬುಕ್ಕುಗಳನ್ನು ತಿರುವಿ ಹಾಕಿದೆ. ಅತಿ ತೊಡಕಿನ ಹತ್ತು ಬಿಲ್ಲು ಆರಿಸಿ ಒಂದು ನೋಟ್‌ಬುಕ್ಕಿಗೆ ಬರೆದುಕೊಂಡೆ. ಯಾವ ಸಾಫ್ಟ್‌ವೇರ್ ಬಂದರೂ ಈ ಹತ್ತನ್ನು ಹಾಕಿ ನೋಡಬೇಕು ಅಂತ. ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ನೋಟ್‌ಬುಕ್ಕೇ.

ಒಂದು, 63 ಎಂಎಂ 4 ಕೆಜಿ ಒತ್ತಡದ ಪೈಪು: ಐದು ಲೆಂತ್ ಮತ್ತು ಏಳು ಅಡಿ, ಒಂದೇ ಬಿಲ್ಲಿನಲ್ಲಿ.

ಇನ್ನೊಂದು, ಮೇಸ್ತ್ರಿ ಬಂದು ಸಾಮಾನು ಒಯ್ದದ್ದು. ಬಾಕಿ ಬರೆಯಬೇಕಾದದ್ದು ತೋಟದ ಮಾಲೀಕರ ಹೆಸರಿಗೆ. ಯಾರು ಒಯ್ದರು ಅನ್ನುವುದೂ ಬಿಲ್ಲಿನಲ್ಲಿ ಇರಬೇಕು. ಇಲ್ಲದಿದ್ದರೆ ಮೂರು ತಿಂಗಳ ಮೇಲೆ ಜಗಳ.

ಮೂರನೆಯದು ನಾವು ಕೊಳ್ಳುವ ಬಿಲ್ಲು. ಪೈಪ್ ಕಂಪನಿಗಳು ಪಟ್ಟಿ ಬೆಲೆ ಹಾಕಿ ಲೆಸ್ (ರಿಯಾಯಿತಿ) ಮೇಲೆ ಲೆಸ್ ಕೊಡುತ್ತಾರೆ. 42% ಲೆಸ್, ಉಳಿದದ್ದರ ಮೇಲೆ ಮತ್ತೆ 3%. ನೂರು ರೂಪಾಯಿ ಪೈಪು 58 ಆಗಿ, ಆಮೇಲೆ 56 ರೂಪಾಯಿ 26 ಪೈಸೆ ಆಗುತ್ತದೆ. 45% ಅಂತ ಕೂಡಿಸಿ ಹಾಕಿದರೆ ಲೆಕ್ಕ ತಪ್ಪು. ಸರಿಯಾದದ್ದು 43.74%.

ಉಳಿದವು: ಮೂರು ಹಳೆ ಬಿಲ್ಲಿಗೆ ಸೇರಿಸಿ ಕೊಟ್ಟ ಒಂದೇ ಜಮಾ. ಒಯ್ದ ಆರು ಎಲ್ಬೋದಲ್ಲಿ ಎರಡು ವಾಪಸ್ ಬಂದದ್ದು. ಮೀಟರ್ ಲೆಕ್ಕದ ವೈರು. ಜಿಎಸ್‌ಟಿ ನಂಬರಿರುವ ಗುತ್ತಿಗೆದಾರರ ಬಿಲ್ಲು. 50,000 ದಾಟಿ, ಸಾಗಣೆಗೆ ಇ-ವೇ ಬಿಲ್ ಬೇಕಾದ ಮೋಟಾರ್ ಸೆಟ್ಟು. ಮುಂಗಡ ಕೊಟ್ಟು ವಾರ ಬಿಟ್ಟು ಸಾಮಾನು ಒಯ್ದದ್ದು. ಚಿಲ್ಲರೆ ಪೈಸೆ ಬಿಟ್ಟ ಬಿಲ್ಲು.

ಕೊನೆಗೆ ಎರಡು ಪ್ರಶ್ನೆ ಬರೆದುಕೊಂಡೆ. ನಮ್ಮ ಲೆಕ್ಕ ಪೂರ್ತಿಯಾಗಿ ಆಚೆ ತೆಗೆಯಲು ಬರುತ್ತದಾ? ಅಪ್ಪ ಒಬ್ಬರೇ ಇದ್ದಾಗ ಬಿಲ್ಲು ಮಾಡಬಹುದಾ?

ಆಗಸ್ಟ್ 5ರಿಂದ 14: ಬಿಟ್ಟಿ ದಾರಿ, ಲಿಬ್ರೆಆಫೀಸ್ ಕ್ಯಾಲ್ಕ್

ಎಕ್ಸೆಲ್ ತರಹದ ಈ ಬಿಟ್ಟಿ ಸಾಫ್ಟ್‌ವೇರ್‌ನಲ್ಲಿ ಮೂರು ಸಂಜೆ ಕೂತು ಒಂದು ಹಾಳೆ ಮಾಡಿದೆ. 412 ಸಾಮಾನು, ರೇಟು, ತೆರಿಗೆ. ಹೆಸರು ಹೊಡೆದರೆ ರೇಟು ತಾನೇ ಬರುವ ಹಾಗೆ ಸೂತ್ರ ಹಾಕಿದೆ. ಹತ್ತರಲ್ಲಿ ಆರು ಬಿಲ್ಲು ಸರಿಯಾಗಿ ಬಂತು.

ಒಂಬತ್ತನೇ ದಿನ ಕೆಟ್ಟಿತು. ಅಂಗಡಿ ಹುಡುಗ ಸಾಮಾನಿನ ಹೆಸರನ್ನು ಅಕಾರಾದಿಯಲ್ಲಿ ಜೋಡಿಸಲು ಹೋಗಿ ಹೆಸರಿನ ಕಾಲಂ ಒಂದನ್ನೇ ವಿಂಗಡಿಸಿದ. ಪಕ್ಕದ ರೇಟು ಇದ್ದಲ್ಲೇ ಉಳಿಯಿತು. ಬಾಲ್ ವಾಲ್ವ್ ಎಲ್ಬೋ ರೇಟಿಗೆ ಹೋಯಿತು. ನಮಗೆ ಗೊತ್ತಾಗುವಷ್ಟರಲ್ಲಿ 11 ಬಿಲ್ಲು ಆಗಿತ್ತು. ನಷ್ಟ ಸುಮಾರು 1,900 ರೂಪಾಯಿ. ಅವನನ್ನು ಬಯ್ಯಲಿಲ್ಲ. ರೇಟಿನ ಹಾಳೆಗೆ ಬೀಗ ಹಾಕದೆ ಬಿಟ್ಟವಳು ನಾನು.

ಆದರೂ ಒಂದು ಮಾತು ಹೇಳಬೇಕು. ಕಾಂಪೋಸಿಷನ್ ಅನ್ನುವ ಸರಳ ಜಿಎಸ್‌ಟಿ ಪದ್ಧತಿಯಲ್ಲಿರುವ ಸಣ್ಣ ಅಂಗಡಿಯವರು ವಹಿವಾಟಿನ ಮೇಲೆ 1% ತೆರಿಗೆ ಕಟ್ಟಿ ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಫಾರಂ, ವರ್ಷಕ್ಕೊಮ್ಮೆ ಜಿಎಸ್‌ಟಿಆರ್-4 ರಿಟರ್ನ್ ಹಾಕಿದರೆ ಆಯಿತು. ದಿನಕ್ಕೆ ಹತ್ತು ಹದಿನೈದು ಬಿಲ್ಲು ಇರುವವರಿಗೆ ಹಾಳೆಗೆ ಬೀಗ ಹಾಕಿದ ಕ್ಯಾಲ್ಕ್ ಸಾಕು ಅಂತಲೇ ನನಗನ್ನಿಸುತ್ತದೆ. ವಹಿವಾಟು ಒಂದೂವರೆ ಕೋಟಿಯ ಒಳಗೆ ಇರುವುದರಿಂದ ನಾವೂ ಅದಕ್ಕೆ ಹೋಗಬಹುದಿತ್ತು. ಆದರೆ ಕಾಂಪೋಸಿಷನ್ ಬಿಲ್ಲಿಗೆ ಗುತ್ತಿಗೆದಾರರಿಗೆ ಇನ್‌ಪುಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗುವುದಿಲ್ಲ. ಅವರು ಬೇರೆ ಅಂಗಡಿಗೆ ಹೋಗುತ್ತಾರೆ.

ಆಗಸ್ಟ್ 16, 17: ಇಆರ್‌ಪಿನೆಕ್ಸ್ಟ್

ಇದು ವ್ಯಾಪಾರದ ಲೆಕ್ಕ, ಸ್ಟಾಕು ನೋಡಿಕೊಳ್ಳುವ ಸಾಫ್ಟ್‌ವೇರ್. ತೆರೆದ ಮೂಲದ್ದು (ಕೋಡ್ ಎಲ್ಲರಿಗೂ ಬಿಟ್ಟದ್ದು), ಲೈಸೆನ್ಸ್‌ಗೆ ದುಡ್ಡಿಲ್ಲ. ಮೈಸೂರಿನಲ್ಲಿ ಓದುತ್ತಿರುವ ಚಿಕ್ಕಪ್ಪನ ಮಗ ರಜೆಗೆ ಬಂದಿದ್ದ. ಇಬ್ಬರೂ ಸೇರಿ ಮನೆಯ ಹಳೆ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಅದನ್ನು ಕೂರಿಸಿದೆವು. 4 ಜಿಬಿ ರ‍್ಯಾಮ್‌ನಲ್ಲಿ ಎಳೆದಾಡಿತು. ಎರಡು ದಿನ ಹಿಡಿಯಿತು. ಬಿಲ್ಲುಗಳ ಪರೀಕ್ಷೆಯಲ್ಲಿ ಮಾತ್ರ ತುಂಬ ಚೆನ್ನಾಗಿ ಬಂತು. ಹತ್ತಕ್ಕೆ ಒಂಬತ್ತು. ಲೆಂತ್, ಅಡಿ ಎರಡೂ ಸಲೀಸು.

ಬೇಡ ಅಂದದ್ದು ನಾವೇ. ಚಿಕ್ಕಪ್ಪನ ಮಗ ಸೋಮವಾರ ವಾಪಸ್ ಹೋದ. ಮಂಗಳವಾರ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಅದು ಶುರುವಾಗಲಿಲ್ಲ. ಅವನು ಫೋನಿನಲ್ಲಿ ಹೇಳಿದ್ದನ್ನು ಒಂದೊಂದೇ ಅಕ್ಷರ ಹೊಡೆದು ಸರಿಮಾಡಲು 50 ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಗಿರಾಕಿಗಳು ನಿಂತಿದ್ದರು. ಹತ್ತಿರದಲ್ಲಿ ಲಿನಕ್ಸ್ ಗೊತ್ತಿರುವ ಒಬ್ಬರು ಇದ್ದಿದ್ದರೆ ನಾನು ಇದನ್ನೇ ಇಟ್ಟುಕೊಳ್ಳುತ್ತಿದ್ದೆ.

ಗ್ನುಕ್ಯಾಶ್ ಕೂಡ ನೋಡಿದೆ. ಖಾತೆ ಬರೆಯಲು ಒಳ್ಳೆಯದು. ಸ್ಟಾಕು ಇಡಲು ಬರುವುದಿಲ್ಲ. ಅರ್ಧ ಗಂಟೆಯಲ್ಲಿ ಮುಚ್ಚಿದೆ.

ಆಗಸ್ಟ್ 24, ಭಾನುವಾರ: ಟ್ಯಾಲಿಪ್ರೈಮ್, ದುಡ್ಡು ಕೊಡದೆ

ದುಬಾರಿ ಅಂತ ಅಲ್ಲಿಯವರೆಗೂ ಈ ಲೆಕ್ಕದ ಸಾಫ್ಟ್‌ವೇರನ್ನು ಪಟ್ಟಿಯಲ್ಲೇ ಇಟ್ಟಿರಲಿಲ್ಲ. ಕಲಿಯುವವರಿಗೆ ಅಂತ ಇರುವ ಎಜುಕೇಷನಲ್ ಮೋಡ್‌ನಲ್ಲಿ ಲೈಸೆನ್ಸ್ ಇಲ್ಲದೆ ಉಪಯೋಗಿಸಬಹುದು ಅಂತ ಆಡಿಟರ್ ಹೇಳಿದರು. ಒಂದೇ ಕಟ್ಟು: ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಎಂಟ್ರಿ ತಗೊಳ್ಳುತ್ತದೆ. ನಮ್ಮ ಪರೀಕ್ಷೆಗೆ ಅಷ್ಟು ಸಾಕು. ಹತ್ತೂ ಬಿಲ್ಲಿಗೆ 1ನೇ ತಾರೀಖು ಹಾಕಿದೆ.

ಹತ್ತಕ್ಕೆ ಎಂಟು. ಪೈಪಿಗೆ ಮೂಲ ಅಳತೆ ಅಡಿ, ಬದಲಿ ಅಳತೆ ಲೆಂತ್, ಒಂದು ಲೆಂತ್‌ಗೆ 20 ಅಡಿ ಅಂತ ಕೊಟ್ಟೆ. ಯಾವುದರಲ್ಲಿ ಹಾಕಿದರೂ ತಗೊಂಡಿತು. ಜಮಾ ದುಡ್ಡನ್ನು ಯಾವ ಬಿಲ್ಲಿಗೆ ಎಷ್ಟು ಅಂತ ಹಂಚಬಹುದು. ಲೆಸ್ ಮೇಲೆ ಲೆಸ್ ನೇರವಾಗಿ ಆಗಲಿಲ್ಲ, 43.74 ಅಂತ ನಾವೇ ಲೆಕ್ಕ ಮಾಡಿ ಹಾಕಬೇಕು. ಮೇಸ್ತ್ರಿ ಹೆಸರನ್ನು ಬಿಲ್ಲಿನ ಕೆಳಗಿನ ಷರಾದಲ್ಲಿ ಬರೆಯಬೇಕು. ಇವೆರಡನ್ನೂ ಅರ್ಧ ಸರಿ ಅಂತ ಗುರುತು ಹಾಕಿದೆ.

ಆಮೇಲೆ ಐದು ವರ್ಷದ ಖರ್ಚು ಬರೆದೆ. ಒಂದು ಕಂಪ್ಯೂಟರಿಗೆ ಆಗುವ ಸಿಲ್ವರ್ ಲೈಸೆನ್ಸ್‌ಗೆ ನನಗೆ ಸಿಕ್ಕ ರೇಟು 22,500, ಜಿಎಸ್‌ಟಿ ಸೇರಿ 26,550. ಒಂದು ಸಲ ಕೊಂಡರೆ ನಮ್ಮದೇ. ಎರಡನೇ ವರ್ಷದಿಂದ ಹೊಸ ಆವೃತ್ತಿ ಬೇಕಾದರೆ ವರ್ಷಕ್ಕೆ 4,500 ಮತ್ತು ಜಿಎಸ್‌ಟಿ, ಅಂದರೆ 5,310. ಅದನ್ನು ಪ್ರತಿ ವರ್ಷ ಕಟ್ಟಿದರೆ ಐದು ವರ್ಷಕ್ಕೆ ಒಟ್ಟು 47,790. ಹಳೆ ಆಪ್‌ನ ಚಂದಾ ಐದು ವರ್ಷಕ್ಕೆ 14,995. ಮೇಲ್ನೋಟಕ್ಕೆ ಮೂರು ಪಟ್ಟು.

ಆದರೆ ನಮ್ಮ ಆಡಿಟರ್ ಕೆಲಸ ಮಾಡುವುದೂ ಟ್ಯಾಲಿಯಲ್ಲೇ. ಲೆಕ್ಕವನ್ನು ಹಾಗೇ ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ತಿಂಗಳಿಗೆ 1,500 ಬದಲು 800 ಸಾಕು ಅಂದರು. ವರ್ಷಕ್ಕೆ 8,400 ಉಳಿತಾಯ, ಐದು ವರ್ಷಕ್ಕೆ 42,000. ಇದನ್ನು ಏಪ್ರಿಲ್‌ನಲ್ಲೇ ಕೇಳಬೇಕಿತ್ತು. ಸಾಫ್ಟ್‌ವೇರ್ ಹುಡುಕುವವರು ಯಾರೇ ಆಗಲಿ, ಮೊದಲ ಫೋನ್ ಆಡಿಟರ್‌ಗೆ ಮಾಡಿ. ನಾನು ಅವರಿಗೆ ಕೊನೆಗೆ ಮಾಡಿದೆ.

ತಕ್ಷಣ ಕೊಳ್ಳಲಿಲ್ಲ. ಸೆಪ್ಟೆಂಬರ್ ಒಂದು ತಿಂಗಳಿಗೆ ಬಾಡಿಗೆ ಲೈಸೆನ್ಸ್ ತಗೊಂಡೆ, 750 ಮತ್ತು ಜಿಎಸ್‌ಟಿ ಸೇರಿ 885.

ಸೆಪ್ಟೆಂಬರ್: ಡಬ್ಬಗಳಿಗೆ ನಂಬರು

ಅಪ್ಪನಿಗೆ ಇಂಗ್ಲಿಷ್ ಓದುವುದು ಕಷ್ಟ. ಒಂದೇ ಸಾಮಾನಿಗೆ ಹೆಸರು ಬೇರೆ ಮೂರು. ಕಂಪನಿ ಬಿಲ್ಲಿನಲ್ಲಿ ಕಪ್ಲರ್, ಮೇಸ್ತ್ರಿ ಬಾಯಲ್ಲಿ ಕಪ್ಲಿಂಗ್, ರೈತರ ಬಾಯಲ್ಲಿ ಕಾಲರು. ಹುಡುಕಿದರೆ ಸಿಗುವುದು ಹೇಗೆ? ಒಂದು ವಾರ ನಾನು ಹೆಸರುಗಳನ್ನು ಕನ್ನಡಕ್ಕೆ ತರಲು ಒದ್ದಾಡಿದೆ. ಹಳೆ ರೇಟಿನ ಪಟ್ಟಿ ಡಿಟಿಪಿ ಅಂಗಡಿಯಲ್ಲಿ ಹಳೆ ನುಡಿ ಫಾಂಟಿನಲ್ಲಿ ಟೈಪ್ ಆಗಿತ್ತು. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಚಿಹ್ನೆಗಳು. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಕೆಟ್ಟ ಕಡೆ ಕೈಯಲ್ಲಿ ತಿದ್ದಿದೆ.

ದಾರಿ ತೋರಿಸಿದ್ದು ಅಪ್ಪನೇ. "ಅವ್ವಾ, ಡಬ್ಬಕ್ಕೆ ನಂಬರ್ ಹಾಕ್ಬುಡು. ಯಾವ ಡಬ್ಬದಲ್ಲಿ ಏನೈತೆ ಅಂತ ನಂಗೆ ಗೊತ್ತಲ್ವಾ" ಅಂದರು.

ಎರಡು ಭಾನುವಾರ ಹಿಡಿಯಿತು. 218 ಡಬ್ಬ ಮತ್ತು ಗೂಡುಗಳಿಗೆ ಬಿಳಿ ಪೇಂಟಿನಲ್ಲಿ ನಂಬರು ಬರೆದೆವು. ಒಂದೇ ಡಬ್ಬದಲ್ಲಿ ಎರಡು ಸೈಜಿದ್ದರೆ 46-1, 46-2. ಟ್ಯಾಲಿಯಲ್ಲಿ ಪ್ರತಿ ಸಾಮಾನಿಗೂ ಇನ್ನೊಂದು ಹೆಸರು ಕೊಡಬಹುದು. ಆ ಜಾಗಕ್ಕೆ ಡಬ್ಬದ ನಂಬರು ಹಾಕಿದೆ. ತಿದ್ದಿದ ಕನ್ನಡ ಪಟ್ಟಿಯನ್ನು ನಂಬರಿನ ಜೊತೆ ಲ್ಯಾಮಿನೇಟ್ ಮಾಡಿಸಿ ಗಲ್ಲಾ ಪಕ್ಕ ನೇತುಹಾಕಿದೆ. ಪೇಂಟು, ಬ್ರಷ್ಷು, ಲ್ಯಾಮಿನೇಷನ್ ಸೇರಿ 640 ರೂಪಾಯಿ. ಈಗ ಅಪ್ಪ 46-2 ಹೊಡೆದು ಎಂಟರ್ ಒತ್ತುತ್ತಾರೆ. ಒಬ್ಬರೇ ಇದ್ದರೂ ಬಿಲ್ಲು ಆಗುತ್ತದೆ.

ಗಿರಾಕಿಗಳ ಹೆಸರಿನಲ್ಲೂ ಇದೇ ತೊಂದರೆ. ನಮ್ಮ ಪುಸ್ತಕದಲ್ಲಿ ಒಂಬತ್ತು ಜನ ಶಿವಣ್ಣ ಇದ್ದಾರೆ. ಮೊದಲು ಊರು, ಆಮೇಲೆ ಹೆಸರು, ಆಮೇಲೆ ಅಪ್ಪ ಕರೆಯುವ ಗುರುತು, ಕೊನೆಗೆ ಫೋನಿನ ಕೊನೆ ನಾಲ್ಕು ಅಂಕಿ ಅಂತ ನಿಯಮ ಮಾಡಿಕೊಂಡೆವು.

ಸೆಪ್ಟೆಂಬರ್ 22: ತೆರಿಗೆ ಬದಲಾದ ದಿನ

ಅವತ್ತಿನಿಂದ ಹನಿ ನೀರಾವರಿ ಸಾಮಾನಿನ ಜಿಎಸ್‌ಟಿ 12%ರಿಂದ 5%ಗೆ ಇಳಿಯಿತು. ಪಿವಿಸಿ ಪೈಪು, ಮೋಟಾರ್ ಪಂಪು 18%ರಲ್ಲೇ ಉಳಿದವು. ತಾರೀಖು ಕೊಟ್ಟು ಹೊಸ ದರ ಹಾಕಿದೆ, ಹಳೆ ಬಿಲ್ಲು ಹಾಗೇ ಉಳಿದವು. ಆದರೆ ಆಗಸ್ಟ್‌ನಲ್ಲಿ 12% ಹಾಕಿ ಮಾರಿದ್ದ ಒಂದು ಲ್ಯಾಟರಲ್ (ಹನಿ ನೀರಾವರಿಯ ಸಣ್ಣ ಪೈಪು) ರೋಲು ಆ ವಾರವೇ ವಾಪಸ್ ಬಂತು. ಮಾರಿದಾಗ ಹಾಕಿದ ದರದಲ್ಲೇ ಕ್ರೆಡಿಟ್ ನೋಟ್ (ವಾಪಸ್ ಬಂದ ಸಾಮಾನಿನ ಚೀಟಿ) ಆಗಬೇಕು. ನಾನು ನೋಡದೆ 5%ಗೆ ಮಾಡಿಬಿಟ್ಟೆ. ಆಡಿಟರ್ ಹಿಡಿದರು. ಆ ಎಂಟ್ರಿಯಲ್ಲಿ ದರವನ್ನು ಕೈಯಲ್ಲಿ ಬದಲಿಸಿ ಸರಿಪಡಿಸಿದೆ. ನೋಟ್‌ಬುಕ್ಕಿಗೆ ಅದು ಹನ್ನೊಂದನೇ ಬಿಲ್ಲಾಗಿ ಸೇರಿತು.

29ಕ್ಕೆ ಲೈಸೆನ್ಸ್ ಕೊಂಡೆವು.

ಅಕ್ಟೋಬರ್ 1 ಮತ್ತು 3: ಶುರು

ಆಯುಧಪೂಜೆ ದಿನ ತಕ್ಕಡಿ, ಪೈಪ್ ಕತ್ತರಿಸುವ ಗರಗಸ, ಸಾಲದ ಪುಸ್ತಕದ ಜೊತೆ ಕಂಪ್ಯೂಟರಿಗೂ ಅಪ್ಪ ಕುಂಕುಮ ಇಟ್ಟರು. ಮೂರನೇ ತಾರೀಖು ಹೊಸ ಲೈಸೆನ್ಸ್‌ನಲ್ಲಿ ಮೊದಲ ಬಿಲ್ಲು.

ಅಲ್ಲಿ ಆದ ತಪ್ಪು ಮೂರು.

ಬಿಲ್ ನಂಬರು: ಊರ ಹೆಸರು, ವರ್ಷ, ಐದಂಕಿ ಸೇರಿಸಿ ಮಾಡಿದ ನಂಬರು 18 ಅಕ್ಷರ ಆಯಿತು. ನಿಯಮದ ಪ್ರಕಾರ 16 ದಾಟುವ ಹಾಗಿಲ್ಲ. ಎರಡು ದಿನದ ಬಿಲ್ಲು ಸರಿಮಾಡಬೇಕಾಯಿತು. ಈಗ ಒಂದೇ ಅಕ್ಷರ, ವರ್ಷ, ನಂಬರು. ಬಿಲ್ ಬುಕ್ಕಿನ ಹಳೆ ಸಾಲಿನ ಜೊತೆ ಬೆರೆಯದ ಹಾಗೆ.

ಹಳೆ ಬಾಕಿ: ಸೆಪ್ಟೆಂಬರ್ 30ರ ಬಾಕಿಯನ್ನು ಏಪ್ರಿಲ್ 1ರ ಆರಂಭದ ಬಾಕಿ ಅಂತ ಹಾಕಿ, ಮಧ್ಯೆ ಬಂದಿದ್ದ ಜಮಾಗಳನ್ನೂ ಹಾಕಿದೆ. ಕಟ್ಟಿದವರ ದುಡ್ಡು ಎರಡು ಸಲ ಕಳೆದುಹೋಯಿತು. 146 ಖಾತೆಯಲ್ಲಿ 40 ಮುಗಿದ ಮೇಲೆ ಗೊತ್ತಾಯಿತು. ಎಲ್ಲ ಅಳಿಸಿ, ಲೆಕ್ಕ ಅಕ್ಟೋಬರ್ 1ರಿಂದಲೇ ಶುರು ಅಂತ ಇಟ್ಟು, ಮತ್ತೆ ಹಾಕಿದೆ. ಎರಡು ರಾತ್ರಿ ಹೋಯಿತು.

ಪ್ರಿಂಟರು: ಮೂರಿಂಚಿನ ಥರ್ಮಲ್ ಪ್ರಿಂಟರಿಗೆ 6,200 ಕೊಟ್ಟೆ. ನಮ್ಮ ರೈತರು ಸಾಲದ ಬಿಲ್ಲನ್ನು ಕಬ್ಬಿನ ದುಡ್ಡು ಬರುವವರೆಗೂ ಅಂಗಿ ಜೇಬಿನಲ್ಲೋ ಟ್ರ್ಯಾಕ್ಟರ್ ಡಬ್ಬದಲ್ಲೋ ಇಟ್ಟಿರುತ್ತಾರೆ. ಬೆವರು, ಬಿಸಿಲಿಗೆ ಆ ಕಾಗದ ಮಾಸುತ್ತದೆ. ಮೂರೇ ವಾರಕ್ಕೆ ಒಬ್ಬರು ಖಾಲಿ ಚೀಟಿ ತಂದು ತೋರಿಸಿದರು. ನನಗೆ ತುಂಬ ಬೇಜಾರಾಯಿತು. ಆ ಚೀಟಿ ಅವರ ಸಾಕ್ಷಿ. ಹಳೆ ಲೇಸರ್ ಪ್ರಿಂಟರ್ ಒಂದನ್ನು 4,500ಕ್ಕೆ ತಂದೆ. ಸಾಲದ ಬಿಲ್ಲು ಈಗ ಅರ್ಧ ಎ4 ಕಾಗದದಲ್ಲಿ. ಥರ್ಮಲ್ ನಗದು ಬಿಲ್ಲಿಗೆ ಮಾತ್ರ.

ಅಕ್ಟೋಬರ್ 24: ಬ್ಯಾಕಪ್

ದಿನಾ ರಾತ್ರಿ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆಯುತ್ತಿದ್ದೆ. ಒಂದು ಅಂಗಡಿಗೆ, ಒಂದು ಮನೆಗೆ. ಅವತ್ತು ಸುಮ್ನೆ ಒಂದು ಸಲ ನೋಡೋಣ ಅಂತ ತಮ್ಮನ ಲ್ಯಾಪ್‌ಟಾಪ್‌ನಲ್ಲಿ ತೆರೆದೆ. ಒಳಗಿದ್ದದ್ದು ಆಗಸ್ಟ್‌ನಲ್ಲಿ ಪರೀಕ್ಷೆಗೆ ಅಂತ ಮಾಡಿದ ಹತ್ತು ಬಿಲ್ಲು. ಮೂರು ವಾರದಿಂದ ನಾನು ಬ್ಯಾಕಪ್ ತೆಗೆದದ್ದು ಪರೀಕ್ಷೆಯ ಖಾತೆಯದು. ನಿಜವಾದ ಅಂಗಡಿ ಲೆಕ್ಕದ ಒಂದೇ ಒಂದು ಪ್ರತಿಯೂ ಬೇರೆಲ್ಲೂ ಇರಲಿಲ್ಲ. ಅಷ್ಟು ದಿನದಲ್ಲಿ ಎಷ್ಟು ಸಲ ಕರೆಂಟ್ ಹೋಗಿತ್ತು ಅಂತ ನೆನೆಸಿಕೊಂಡು ಕೈ ತಣ್ಣಗಾಯಿತು.

ಪರೀಕ್ಷೆಯ ಖಾತೆಯನ್ನು ಅವತ್ತೇ ಅಳಿಸಿದೆ. ಈಗ ಪ್ರತಿ ಶನಿವಾರ ಬ್ಯಾಕಪ್ಪನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು, ಆ ದಿನದ ಕೊನೆ ಬಿಲ್ ನಂಬರು ಕಂಡ ಮೇಲೆ ಗೋಡೆ ಕ್ಯಾಲೆಂಡರಿನಲ್ಲಿ ಟಿಕ್ ಹಾಕುತ್ತೇನೆ.

ಒಟ್ಟು ಖರ್ಚು

ಹಳೆ ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ: 12,500
ಯುಪಿಎಸ್: 3,100
ಥರ್ಮಲ್ ಪ್ರಿಂಟರ್: 6,200
ಹಳೆ ಲೇಸರ್ ಪ್ರಿಂಟರ್: 4,500
ಒಂದು ತಿಂಗಳ ಬಾಡಿಗೆ: 885
ಲೈಸೆನ್ಸ್: 26,550
ಪೇಂಟು, ಲ್ಯಾಮಿನೇಷನ್: 640
ಎರಡು ಪೆನ್‌ಡ್ರೈವ್: 700

ಒಟ್ಟು 55,075. ಮೊದಲ ಆಪ್‌ಗೆ ಕಟ್ಟಿದ 2,999 ಸೇರಿದರೆ 58,074. ಲೈಸೆನ್ಸ್‌ನ ಜಿಎಸ್‌ಟಿ 4,050 ನಮಗೆ ಇನ್‌ಪುಟ್ ಆಗಿ ಸಿಕ್ಕಿತು.

ನವೆಂಬರ್: ಇನ್ನೂ ಸರಿಹೋಗದದ್ದು

ತುಂಡು ಪೈಪಿನ ಲೆಕ್ಕ. 63 ಎಂಎಂ ಎರಡು ಲೆಂತ್‌ನಿಂದ ತಲಾ ಏಳು ಅಡಿ ಕತ್ತರಿಸಿ ಕೊಟ್ಟರೆ ಕಂಪ್ಯೂಟರ್ 26 ಅಡಿ ಇದೆ ಅನ್ನುತ್ತದೆ, ಅಂದರೆ ಒಂದು ಲೆಂತ್ ಮತ್ತು ಆರು ಅಡಿ. ಗೋಡೆಗೆ ಒರಗಿರುವುದು 13 ಅಡಿಯ ಎರಡು ತುಂಡು. ಇದನ್ನು ನಂಬಿ ಒಂದು ಸಲ ಗಿರಾಕಿಗೆ ಲೆಂತ್ ಇದೆ ಅಂತ ಫೋನಿನಲ್ಲಿ ಹೇಳಿ, ಅವರು ಬಸರಾಳಿನಿಂದ ಆಟೋ ಮಾಡಿಕೊಂಡು ಬಂದರು. ಆಮೇಲೆ ತುಂಡು ಅಂತಲೇ ಬೇರೆ ಸಾಮಾನು ಮಾಡಿ, ಕತ್ತರಿಸಿದ ತಕ್ಷಣ ಉಳಿದದ್ದನ್ನು ಅಲ್ಲಿಗೆ ವರ್ಗಾಯಿಸುತ್ತಿದ್ದೇವೆ. ಹುಡುಗ ದಿನಕ್ಕೆ ಒಂದೆರಡು ಮರೆಯುತ್ತಾನೆ. ಸಂಜೆ ಅಂಗಡಿ ಮುಚ್ಚುವ ಮುಂಚೆ ತುಂಡುಗಳನ್ನು ಎಣಿಸಿ ಸರಿಮಾಡುತ್ತೇವೆ.

146 ಖಾತೆಯಲ್ಲಿ 37 ಇನ್ನೂ ಪುಸ್ತಕದ ಜೊತೆ ತಾಳೆಯಾಗಿಲ್ಲ. 16ನೇ ತಾರೀಖು ಭಾನುವಾರ ಹನಕೆರೆಯ ಒಬ್ಬರು ತಮ್ಮ ಡೈರಿ ಹಿಡಿದು ಬಂದರು. ಅವರ ಡೈರಿಯಲ್ಲಿ ಬಾಕಿ 18,460. ನಮ್ಮ ಕಂಪ್ಯೂಟರಿನಲ್ಲಿ 18,700. ಅಪ್ಪ, ನಾನು, ಅವರು ಮೂವರೂ ಕೂತು ಬಿಲ್ಲು ಬಿಲ್ಲಾಗಿ ಓದಿದೆವು. ಅಪ್ಪನಿಗೆ ನೆನಪಾಯಿತು: ಮಳೆ ಹಿಡಿದ ದಿನ ಅವರು 90 ಎಂಎಂ ಎಲ್ಬೋ ಎರಡು ವಾಪಸ್ ತಂದಿದ್ದರು. ಚೀಟಿ ಗಲ್ಲಾ ಡ್ರಾಯರಿನ ತಳದಲ್ಲಿತ್ತು. 240 ರೂಪಾಯಿ. ಅಲ್ಲೇ ಕ್ರೆಡಿಟ್ ನೋಟ್ ಮಾಡಿ, ಬಾಕಿ ಪಟ್ಟಿ ಪ್ರಿಂಟ್ ತೆಗೆದು ಕೊಟ್ಟೆ. ಅವರು ಅದನ್ನು ಮಡಚಿ ಡೈರಿಯೊಳಗೆ ಇಟ್ಟುಕೊಂಡರು. ಮುಂದಿನ ಭಾನುವಾರ ಕೊತ್ತತ್ತಿ ಪುಟ ಹಿಡಿಯುತ್ತೇವೆ.